ಸವೆದ ಮೆಟ್ಟಿಲು, ಉಳಿದ ಮರ: ನುಡಿಸಿದ ಗಿಟಾರುಗಳ ಮೈಮೇಲಿನ ಕಾಲ

ಸಂಗೀತವಾದ್ಯಗಳು ಹಳತಾಗುವ ಬಗೆ ಎರಡು. ನುಡಿಸದೆ ಪೆಟ್ಟಿಗೆಯಲ್ಲಿಟ್ಟ ವಾದ್ಯಕ್ಕೆ ಗಾಳಿ, ಬೆಳಕು, ತೇವಾಂಶ ಮತ್ತು ಅದರ ವಸ್ತುಗಳೊಳಗೇ ನಡೆಯುವ ರಾಸಾಯನಿಕ ಬದಲಾವಣೆಗಳಿಂದ ವಯಸ್ಸಾದರೆ, ದಶಕಗಳ ಕಾಲ ನುಡಿಸಿಕೊಂಡು ಬಂದ ವಾದ್ಯದ ಮೇಲೆ ಇವೆಲ್ಲದರ ಜೊತೆಗೆ ಒಬ್ಬ ವಾದಕನ ಬೆರಳ ಒತ್ತಡ, ಅಂಗೈಯ ಬೆವರು, ಮುಂಗೈ ಊರುವ ಜಾಗ, ನಿಲ್ಲುವ ಭಂಗಿ ಮತ್ತು ಅವನು ಮತ್ತೆ ಮತ್ತೆ ಮರಳಿ ಬರುವ ಸ್ವರಸ್ಥಾನಗಳು ಗುರುತು ಮಾಡುತ್ತ ಹೋಗುತ್ತವೆ. ಮೊದಲನೆಯದನ್ನು ಮುಪ್ಪು ಎಂದೂ ಎರಡನೆಯದನ್ನು ಸವೆತವೆಂದೂ ಬೇರೆಯಾಗಿಯೇ ನೋಡಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಇವೆರಡೂ ಎದ್ದು ಕಾಣುತ್ತವೆ. ಮರ, ಉಕ್ಕು, ಮಿಶ್ರಲೋಹ, ಪ್ಲಾಸ್ಟಿಕ್, ಕಾರಿನ ಬಣ್ಣ, ತಾಮ್ರದ ಸುರುಳಿ, ಇಂಗಾಲದ ಪಟ್ಟಿ ಇಷ್ಟೂ ಒಂದೇ ಮೈಯಲ್ಲಿ ಕೂಡಿಕೊಂಡಿರುವ, ಒಂದೊಂದೂ ತನ್ನದೇ ವೇಗದಲ್ಲಿ ಹಳತಾಗುವ ಇಂಥ ವಾದ್ಯ ಇನ್ನೊಂದು ಸುಲಭವಾಗಿ ಸಿಗುವುದಿಲ್ಲ.

ಈ ವಾದ್ಯದ ಸವೆತವನ್ನು ಕುರಿತ ಮಾತು ಸಾಮಾನ್ಯವಾಗಿ ಅಮೆರಿಕದ ಕಾರ್ಖಾನೆಗಳಿಂದ, ಲಂಡನ್ನಿನ ಹರಾಜುಕಟ್ಟೆಗಳಿಂದ ಹೊರಡುತ್ತದೆ. ಆದರೆ ಕರ್ನಾಟಕದ ಬಯಲುಸೀಮೆಗೂ ಇದರಲ್ಲಿ ಸ್ವಂತ ಪಾಲಿದೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಬೆಟ್ಟಗುಡ್ಡಗಳ ನಡುವೆ ಇರುವ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಮಾಸದ ಶುದ್ಧ ಷಷ್ಠಿಯ ಆಸುಪಾಸು ಬ್ರಹ್ಮರಥೋತ್ಸವವೂ ಹೆಸರಾಂತ ದನಗಳ ಜಾತ್ರೆಯೂ ನಡೆಯುತ್ತವೆ. ಈ ಸೀಮೆಯ ಜಾತ್ರೆ, ಊರಹಬ್ಬ, ಗಣೇಶೋತ್ಸವ, ರಾಜ್ಯೋತ್ಸವಗಳ ವೇದಿಕೆಗಳಲ್ಲಿ ರಸಮಂಜರಿ ಎಂದು ಕರೆಯಲಾಗುವ ಚಲನಚಿತ್ರಗೀತೆಗಳ ವಾದ್ಯಗೋಷ್ಠಿ ಬಹುಕಾಲದಿಂದ ನಡೆದುಬಂದಿದ್ದು, ಹಳ್ಳಿಗಾಡಿನ ಹೆಚ್ಚಿನ ಕೇಳುಗರು ಎಲೆಕ್ಟ್ರಿಕ್ ಗಿಟಾರನ್ನು ಕಣ್ಣಾರೆ ಕಂಡದ್ದು ಈ ವೇದಿಕೆಗಳ ಮೇಲೆಯೇ. ರಾಜನ್-ನಾಗೇಂದ್ರರಂಥ ಸಂಗೀತ ನಿರ್ದೇಶಕರು ತಮ್ಮ ಹಾಡುಗಳ ನಡುವಿನ ವಾದ್ಯಭಾಗಗಳಲ್ಲಿ ಗಿಟಾರಿಗೆ ಕೊಟ್ಟ ಜಾಗದಿಂದಾಗಿ ಆ ಹಾಡುಗಳನ್ನು ವೇದಿಕೆಗೆ ತರುವ ತಂಡಗಳಿಗೆ ಗಿಟಾರ್ ವಾದಕನಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ. ವಿದೇಶಿ ವಾದ್ಯಗಳ ಮೇಲಿನ ಆಮದು ಸುಂಕ ದುಬಾರಿಯಾಗಿದ್ದ ದಿನಗಳಲ್ಲಿ ಕೋಲ್ಕತ್ತದ ಗಿವ್ಸನ್‌ನಂಥ ಭಾರತೀಯ ಗಿಟಾರುಗಳೇ ಇಂಥ ತಂಡಗಳ ಕೈಗೆಟುಕುತ್ತಿದ್ದವು. ಒಮ್ಮೆ ಕೊಂಡ ವಾದ್ಯವನ್ನು ವಾದಕರು ಬೇಗನೆ ಬದಲಿಸುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ಒಂದೇ ಕೈಯಲ್ಲಿ ಉಳಿದ ವಾದ್ಯಗಳಲ್ಲಿ ಮೂಡಿರುವ ಸವೆತಕ್ಕೆ ಹರಾಜಿನ ಬೆಲೆ ಇಲ್ಲದಿರಬಹುದು, ಆದರೆ ಅದು ತಿಳಿಸುವ ಸಂಗತಿಗಳಿಗೆ ಬೆಲೆ ಇದೆ.

ವಾದ್ಯದ ಮೊದಲ ಶತ್ರು ಹವೆ. ಘಾಟಿ ಇರುವ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನಗಳು ಬಹಳ ಒಣಗಿರುತ್ತವೆ, ಮುಂಗಾರಿನಲ್ಲಿ ಗಾಳಿ ತೇವದಿಂದ ತುಂಬಿರುತ್ತದೆ, ಪುಷ್ಯದ ರಾತ್ರಿಗಳಲ್ಲಿ ಬಯಲಿನ ಮೇಲೆ ಇಬ್ಬನಿ ಬೀಳುತ್ತದೆ. ಮರ ಕಡಿದು ಎಷ್ಟೇ ವರ್ಷವಾದರೂ ಸುತ್ತಲಿನ ಗಾಳಿಯೊಡನೆ ತೇವವನ್ನು ಕೊಟ್ಟು ತೆಗೆದುಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ಒಣಹವೆಯಲ್ಲಿ ಅದು ಅಡ್ಡಕ್ಕೆ ಕುಗ್ಗುತ್ತದೆ, ತೇವದಲ್ಲಿ ಹಿಗ್ಗುತ್ತದೆ. ಆದರೆ ಅದರೊಳಗೆ ಹೊಡೆದು ಕೂರಿಸಿದ ಲೋಹದ ಮೆಟ್ಟಿಲುಗಳು, ಅಂದರೆ ಸ್ವರಸ್ಥಾನಗಳನ್ನು ಗುರುತಿಸುವ ಅಡ್ಡಪಟ್ಟಿಗಳು, ಕುಗ್ಗುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಅವುಗಳ ತುದಿ ಗಿಟಾರಿನ ಕುತ್ತಿಗೆಯ ಅಂಚಿನಿಂದ ಹೊರಚಾಚಿ ಅಂಗೈಯನ್ನು ಗೀರುತ್ತವೆ. ಆರು ತಂತಿಗಳು ಸೇರಿ ಕುತ್ತಿಗೆಯನ್ನು ಸುಮಾರು 45 ಕಿಲೋ ತೂಕದಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತಿರುವುದರಿಂದ, ಆ ಎಳೆತಕ್ಕೆ ಎದುರಾಗಿ ಕುತ್ತಿಗೆಯೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿ ತಿರುಪಿನಿಂದ ಬಿಗಿಮಾಡುವ ವ್ಯವಸ್ಥೆ ಇದ್ದು, ಇದಕ್ಕೆ ಗಿಬ್ಸನ್ ಕಂಪನಿಯು 1923ರಲ್ಲೇ ಹಕ್ಕುಪತ್ರ ಪಡೆದಿತ್ತು. ಋತು ಬದಲಾದಾಗಲೆಲ್ಲ ಈ ತಿರುಪನ್ನು ಕಾಲು ಸುತ್ತು ಆಚೀಚೆ ತಿರುಗಿಸುವುದು ಬಯಲುಸೀಮೆಯ ಗಿಟಾರಿಗೆ ಬೇಕೇಬೇಕಾದ ಆರೈಕೆ.

ಬಣ್ಣ ಮತ್ತು ಅರಗು

ಹಳೆಯ ಗಿಟಾರಿನ ಮೈಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದರ ಲೇಪ. ಇಪ್ಪತ್ತನೆಯ ಶತಮಾನದ ನಡುವಿನ ಅಮೆರಿಕನ್ ಗಿಟಾರುಗಳಿಗೆ ಬಳಿಯುತ್ತಿದ್ದುದು ನೈಟ್ರೊಸೆಲ್ಯುಲೋಸ್ ಎಂಬ ಮೆರುಗೆಣ್ಣೆ. ಹತ್ತಿಯ ನಾರಿನ ಮೇಲೆ ನೈಟ್ರಿಕ್ ಆಮ್ಲದ ಕ್ರಿಯೆ ನಡೆಸಿ ತಯಾರಿಸುವ ಈ ವಸ್ತುವನ್ನು 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿ ಕಾರುಗಳಿಗಾಗಿ ಮಾರುಕಟ್ಟೆಗೆ ತಂದಿತು. 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ಹೊರತಂದ ಲಿಯೊ ಫೆಂಡರ್‌ನ ಕಾರ್ಖಾನೆ ಆ ಕಾಲದ ಕಾರುಗಳ ಬಣ್ಣಗಳನ್ನೇ ಗಿಟಾರಿಗೂ ಬಳಿಯಿತು. ಈ ಲೇಪದ ಗುಣವೇನೆಂದರೆ ಅದು ದ್ರಾವಕ ಆವಿಯಾಗಿ ಒಣಗುತ್ತದೆಯೇ ಹೊರತು ರಾಸಾಯನಿಕವಾಗಿ ಗಟ್ಟಿಗೊಂಡು ಮುಗಿಯುವುದಿಲ್ಲ. ಬಳಿದ ದಶಕಗಳ ನಂತರವೂ ಅದರೊಳಗಿನ, ಬಾಗುವಿಕೆ ಕೊಡುವ ಪದಾರ್ಥಗಳು ನಿಧಾನವಾಗಿ ಹೊರಹೋಗುತ್ತಲೇ ಇರುತ್ತವೆ. ಹಾಗಾಗಿ ಲೇಪ ತೆಳುವಾಗುತ್ತದೆ, ಬಿರುಸಾಗುತ್ತದೆ, ಕೆಳಗಿನ ಮರದ ಎಳೆಗಳು ಅದರ ಮೇಲೆ ಅಚ್ಚೊತ್ತಿದಂತೆ ಕಾಣಿಸಿಕೊಳ್ಳುತ್ತವೆ. ಬೆಳಕಿಗೆ ಅದು ಹಳದಿಗೆ ತಿರುಗುವುದರಿಂದ ಬಿಳಿಯ ಗಿಟಾರು ಕೆನೆಯ ಬಣ್ಣಕ್ಕೂ ತಿಳಿನೀಲಿಯ ಗಿಟಾರು ಹಸಿರು ಛಾಯೆಗೂ ಬರುತ್ತವೆ.

ತಣ್ಣನೆಯ ರಾತ್ರಿಯಲ್ಲಿ ಹೊರಗಿದ್ದ ವಾದ್ಯವನ್ನು ತಟ್ಟನೆ ವೇದಿಕೆಯ ಬಿಸಿದೀಪಗಳ ಕೆಳಗೆ ತಂದಾಗ ಮರ ಒಂದು ವೇಗದಲ್ಲಿ, ಬಿರುಸಾದ ಲೇಪ ಇನ್ನೊಂದು ವೇಗದಲ್ಲಿ ಹಿಗ್ಗುತ್ತವೆ. ಆಗ ಲೇಪದಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು ಮರದ ಎಳೆಗೆ ಅಡ್ಡಲಾಗಿ ಓಡುತ್ತವೆ. ಈ ಬಿರುಕುಗಳಲ್ಲಿ ವರ್ಷಗಳ ಕೊಳೆ ಸೇರಿ ಕಪ್ಪಾದಾಗ ಇಡೀ ಮೈ ಜೇಡರಬಲೆಯಂತೆ ಕಾಣುತ್ತದೆ. ಇವು ಮರದ ಬಿರುಕುಗಳಲ್ಲವೆಂಬುದನ್ನು ಅರಿಯದೆ ಎಷ್ಟೋ ಒಳ್ಳೆಯ ವಾದ್ಯಗಳನ್ನು ಉಜ್ಜಿ ಹೊಸ ಬಣ್ಣ ಬಳಿದು ಹಾಳು ಮಾಡಲಾಗಿದೆ.

1968ರ ಸುಮಾರಿಗೆ ಫೆಂಡರ್ ಪಾಲಿಯೆಸ್ಟರ್ ಲೇಪಕ್ಕೆ ಹೊರಳಿತು. ಕಡಿಮೆ ಬೆಲೆಯ ಗಿಟಾರುಗಳೆಲ್ಲ ಕಾಲಕ್ರಮದಲ್ಲಿ ಅದೇ ದಾರಿ ಹಿಡಿದವು. ಇದು ರಾಸಾಯನಿಕ ಕ್ರಿಯೆಯಿಂದ ಶಾಶ್ವತವಾಗಿ ಗಟ್ಟಿಯಾಗುವ ದಪ್ಪ ಪದರ. ಬೆವರಿಗೆ ಮೆತ್ತಗಾಗುವುದಿಲ್ಲ, ತೆಳುವಾಗಿ ಸವೆಯುವುದೂ ಇಲ್ಲ. ಪೆಟ್ಟು ಬಿದ್ದಲ್ಲಿ ಮಾತ್ರ ಗಾಜಿನ ಚೂರಿನಂತೆ ಸಿಡಿದು, ಚೂಪಾದ ಅಂಚಿನ ಬಿಳಿಯ ಗಾಯ ಉಳಿಯುತ್ತದೆ. ಆದ್ದರಿಂದ ಜಾತ್ರೆಯ ವಾದ್ಯಗೋಷ್ಠಿಗಳ ಸಾಮಾನ್ಯ ಗಿಟಾರಿನಲ್ಲಿ ಮುಂಗೈ ತಾಗುವ ಜಾಗ ಮೂವತ್ತು ವರ್ಷದ ನಂತರವೂ ಹೊಳೆಯುತ್ತಿದ್ದು, ವಾಹನದಲ್ಲಿ ತಗುಲಿದ ಏಟುಗಳು ಮಾತ್ರ ಅಂಚಿನುದ್ದಕ್ಕೂ ಕಾಣುತ್ತವೆ. ಒಂದೇ ಕಾಲ ನುಡಿಸಿದ ಎರಡು ಗಿಟಾರುಗಳು ಬೇರೆ ಬೇರೆಯಾಗಿ ಹಳತಾಗಲು ವಾದಕರಷ್ಟೇ ಈ ಲೇಪಗಳೂ ಕಾರಣ.

ಇಲ್ಲಿ ಕರ್ನಾಟಕದ ಓದುಗರಿಗೆ ಹತ್ತಿರದ ವಸ್ತುವೊಂದನ್ನು ನೆನೆಯಬೇಕು. ಮರಕ್ಕೆ ಮೆರುಗು ಕೊಡುವ ನಮ್ಮ ಹಳೆಯ ಪದಾರ್ಥ ಅರಗು. ಚನ್ನಪಟ್ಟಣದ ಗೊಂಬೆಗಳ ಬಣ್ಣ ನಿಂತಿರುವುದು ಇದರ ಮೇಲೆ. ಕಾಡಿನ ಅರಗನ್ನು ಬಳಸಿಕೊಳ್ಳಲೆಂದು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಹೆಸರಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತೇಯುವ ಪಾಲಿಷ್ ಪೀಠೋಪಕರಣಗಳಿಗೂ ತಂತಿವಾದ್ಯಗಳಿಗೂ ಸಲ್ಲುತ್ತದೆ. ಅರಗಿಗೂ ನೈಟ್ರೊಸೆಲ್ಯುಲೋಸಿಗೂ ಮುಖ್ಯವಾದ ಒಂದು ಗುಣ ಸಮಾನವಾಗಿದೆ: ಎರಡೂ ತಮ್ಮ ದ್ರಾವಕದಲ್ಲಿ ಮರಳಿ ಕರಗುತ್ತವೆ, ಹಾಗಾಗಿ ಸವೆದ ಜಾಗಕ್ಕೆ ಹಚ್ಚಿದ ಹೊಸ ಪದರ ಹಳೆಯದರೊಡನೆ ಬೆರೆತು ಒಂದೇ ಆಗುತ್ತದೆ. ಪಾಲಿಯೆಸ್ಟರಿಗೆ ಈ ಗುಣವಿಲ್ಲ. ಅದರ ಮೇಲೆ ಹಚ್ಚಿದ ತೇಪೆ ತೇಪೆಯಾಗಿಯೇ ಉಳಿಯುತ್ತದೆ. ಬೇಗ ಸವೆಯುವ ಲೇಪವೇ ಚೆನ್ನಾಗಿ ದುರಸ್ತಿಯಾಗುವ ಲೇಪವೂ ಆಗಿರುವುದು ಗಮನಿಸತಕ್ಕ ಸಂಗತಿ.

ಬೆರಳು ಓಡಾಡಿದ ಹಲಗೆ

ಲೇಪದ ಸವೆತಕ್ಕೆ ಒಂದು ಭೂಪಟವಿದೆ. ತಂತಿ ಮೀಟುವ ಕೈಯ ಮುಂಗೈ ಊರುವ ಮೇಲಂಚಿನಲ್ಲಿ ಬಣ್ಣ ಮೊದಲು ಮಾಸುತ್ತದೆ, ಆಮೇಲೆ ಒಳಪದರ, ಕೊನೆಗೆ ಬರಿಯ ಮರ ಕಾಣುತ್ತದೆ. ನಿಂತು ನುಡಿಸುವವನ ಗಿಟಾರಿನ ಬೆನ್ನಿನಲ್ಲಿ ಸೊಂಟಪಟ್ಟಿಯ ಕೊಕ್ಕೆ ಉಜ್ಜಿ ಉಜ್ಜಿ ಗೀರುಗಳ ಗುಂಪೊಂದು ಮೂಡುತ್ತದೆ. ಸದಾ ಕುಳಿತು ನುಡಿಸುವವನ ವಾದ್ಯದಲ್ಲಿ ಅದು ಇರುವುದಿಲ್ಲ. ಕುತ್ತಿಗೆಯ ಹಿಂಬದಿಯಲ್ಲಿ ಹೆಬ್ಬೆರಳು ಜಾರುವ ಜಾಗ ಲೇಪ ಕಳೆದುಕೊಂಡು ರೇಷ್ಮೆಯಷ್ಟು ನಯವಾಗುತ್ತದೆ. ತಂತಿಗಳ ಕೆಳಗಿನ ಪ್ಲಾಸ್ಟಿಕ್ ಹಲಗೆಯ ಮೇಲೆ, ಮೀಟುವ ಚಿಕ್ಕ ಬಿಲ್ಲೆಯಾದ ಪಿಕ್ಕಿನ ಗೆರೆಗಳು ಒಂದೇ ದಿಕ್ಕಿಗೆ ಬಾಗಿರುವುದನ್ನು ನೋಡಿ ವಾದಕನ ಮಣಿಕಟ್ಟು ಯಾವ ಕೋನದಲ್ಲಿ ಚಲಿಸುತ್ತಿತ್ತೆಂದು ಹೇಳಬಹುದು. ತಂತಿಗಳನ್ನು ಹೊತ್ತ ಲೋಹದ ಕುದುರೆಯ ಮೇಲೆ ಅಂಗೈಯ ಅಂಚನ್ನು ಇಟ್ಟು ನಾದವನ್ನು ಅದುಮುವ ಅಭ್ಯಾಸವಿದ್ದವರ ಗಿಟಾರಿನಲ್ಲಿ ಅಲ್ಲಿನ ತಿರುಪುಗಳು ಬೆವರಿನ ಉಪ್ಪಿಗೆ ತುಕ್ಕು ಹಿಡಿದು ಅಲುಗಾಡದಂತಾಗಿರುತ್ತವೆ.

ಎಡಗೈಯ ಬೆರಳುಗಳು ತಂತಿಯನ್ನು ಒತ್ತುವ ಬೆರಳುಹಲಗೆಯ ಕತೆ ಇನ್ನೂ ಸೂಕ್ಷ್ಮ. ಮೇಪಲ್ ಎಂಬ ತಿಳಿಬಣ್ಣದ ಮರದ ಹಲಗೆಗೆ ಕೊಳೆ ಕುಡಿಯದಂತೆ ಮೆರುಗೆಣ್ಣೆ ಹಚ್ಚಲೇಬೇಕಾಗುತ್ತದೆ. ಆ ಪದರ ಸವೆದಾಗ ಮೆಟ್ಟಿಲುಗಳ ನಡುವಿನ ಮನೆಗಳಲ್ಲಿ ಕಪ್ಪು ಕಲೆಗಳು ಕಾಣಿಸಿಕೊಂಡು, ವಾದಕ ಯಾವ ಮನೆಗಳಲ್ಲಿ ಹೆಚ್ಚು ಸುಳಿದಾಡಿದನೆಂಬುದು ಬಹಿರಂಗವಾಗುತ್ತದೆ. ಕಪ್ಪುಗೆಂಪಿನ ಗಟ್ಟಿ ಮರಗಳ ಹಲಗೆಗೆ ಲೇಪವೇ ಬೇಡ. ಆ ಮರಗಳಲ್ಲಿ ಹೆಚ್ಚು ಬಳಕೆಯಾದದ್ದು ನಮ್ಮ ಬೀಟೆ. ಕೊಡಗು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ, ತೋದಗತ್ತಿ ಎಂಬ ಹೆಸರೂ ಇರುವ ಈ ಮರ ಮೈಸೂರಿನ ಕೆತ್ತುಕುಸುರಿಯ ಪೀಠೋಪಕರಣಗಳಿಗೂ ಮೈಸೂರಿನ ವೀಣೆಗಳಿಗೂ ಬಳಕೆಯಾದದ್ದು. ಬ್ರೆಜಿಲ್ಲಿನ ಇದೇ ಕುಲದ ಮರ ದುರ್ಲಭವಾಗತೊಡಗಿದಾಗ 1960ರ ದಶಕದ ನಡುವಿನಿಂದ ಅಮೆರಿಕದ ಗಿಟಾರ್ ತಯಾರಕರು ಭಾರತದ ಬೀಟೆಗೆ ತಿರುಗಿದರು. ಹೀಗೆ ಪಶ್ಚಿಮಘಟ್ಟದ ಸಾಲಿನ ಕಾಡುಮರವೊಂದರ ಐದಾರು ಮಿಲಿಮೀಟರ್ ದಪ್ಪದ ಪಟ್ಟಿ, ಘಟ್ಟದ ಹೆಸರನ್ನೇ ಕೇಳದ ಸಾವಿರಾರು ವಾದಕರ ಬೆರಳುಗಳ ಕೆಳಗೆ ಸವೆಯುತ್ತ ಬಂದಿದೆ.

ಬೀಟೆಯ ಹಲಗೆಗೆ ಬೆರಳಿನ ಎಣ್ಣೆಯಂಶ ಇಳಿದಂತೆಲ್ಲ ಅದು ಕಪ್ಪಾಗುತ್ತದೆ, ರಂಧ್ರಗಳು ಮುಚ್ಚಿ ನಯವಾಗುತ್ತದೆ. ತಂತಿಯನ್ನು ಅಡ್ಡಕ್ಕೆ ಎಳೆಯುವಾಗ ಉಗುರಿನ ತುದಿ ಮರವನ್ನು ಕೆರೆಯುವುದರಿಂದ ಮೆಟ್ಟಿಲುಗಳ ನಡುವೆ ಆಳವಿಲ್ಲದ ಕುಳಿಗಳು ಬೀಳುತ್ತವೆ. ಈ ಮರದ ಭವಿಷ್ಯವೂ ಸವೆತದ ಚರ್ಚೆಯೊಳಗೇ ಬರುತ್ತದೆ: ಬೀಟೆ ಬಲಿಯಲು ಹಲವು ದಶಕ ಬೇಕು, ಅದರ ದಿಮ್ಮಿಗಳ ರಫ್ತಿಗೆ ಭಾರತದಲ್ಲಿ ನಿಷೇಧವಿದೆ, 2017ರ ಜನವರಿ 2ರಿಂದ ಬೀಟೆ ಸೇರಿದಂತೆ ಇಡೀ ಡಾಲ್ಬರ್ಜಿಯ ಕುಲದ ಅಂತರರಾಷ್ಟ್ರೀಯ ವ್ಯಾಪಾರವೇ ನಿಯಂತ್ರಣಕ್ಕೆ ಒಳಪಟ್ಟಿತು, ಸಿದ್ಧವಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು. ಈ ನಡುವೆ ಕೆಲವು ಕಂಪನಿಗಳು ಬೇರೆ ಮರಗಳಿಗೆ ಹೊರಳಿದವು. ಇದನ್ನು ತಿಳಿದವರು ಹಳೆಯ ಬೀಟೆಯ ಹಲಗೆಯನ್ನು ಕಿತ್ತು ಹೊಸದನ್ನು ಹಾಕಲು ಸುಲಭವಾಗಿ ಮನಸ್ಸು ಮಾಡಲಾರರು. ಕುಳಿಬಿದ್ದ ಹಲಗೆಯನ್ನು ಒಣಬಟ್ಟೆಯಿಂದ ಒರೆಸಿ, ವರ್ಷಕ್ಕೊಮ್ಮೆ ಎರಡು ಹನಿ ಎಣ್ಣೆ ತೇಯ್ದು ಇನ್ನೊಂದು ತಲೆಮಾರು ನಡೆಸಬಹುದು.

ಮೆಟ್ಟಿಲು ಮತ್ತು ಮೇಣ

ಗಿಟಾರಿನಲ್ಲಿ ಸಂಗೀತಕ್ಕೆ ನೇರವಾಗಿ ಅಡ್ಡಿಯಾಗುವ ಸವೆತ ಮೆಟ್ಟಿಲುಗಳದು. ಇವುಗಳನ್ನು ಮಾಡುವುದು ತಾಮ್ರ, ನಿಕ್ಕಲ್, ಸತು ಕೂಡಿದ ಮಿಶ್ರಲೋಹದಿಂದ. ಮನೆಯ ಪಾತ್ರೆಗಳಿಂದಾಗಿ ನಮ್ಮಲ್ಲಿ ಜರ್ಮನ್ ಸಿಲ್ವರ್ ಎಂದು ಪರಿಚಿತವಾಗಿರುವ ಇದರಲ್ಲಿ ಬೆಳ್ಳಿಯ ಅಂಶವೇ ಇರುವುದಿಲ್ಲ. ಉಕ್ಕಿನ ತಂತಿ ಇದಕ್ಕಿಂತ ಗಟ್ಟಿ. ಒತ್ತಿದಾಗಲೆಲ್ಲ ತಂತಿ ಮೆಟ್ಟಿಲ ತಲೆಯನ್ನು ಒಂದಿಷ್ಟು ಅದುಮುತ್ತದೆ, ಎಳೆದಾಗಲೆಲ್ಲ ಅರದಂತೆ ತೇಯುತ್ತದೆ. ನೇರವಾಗಿ ಒತ್ತುವ ಕೈಯ ಕೆಳಗೆ, ತಾಳದ ಲಯಕ್ಕೆ ಸ್ವರಗುಚ್ಛಗಳನ್ನಷ್ಟೇ ಹಿಡಿಯುವ ವಾದಕನ ಗಿಟಾರಿನಲ್ಲಿ, ಮೊದಲ ಮೂರು ನಾಲ್ಕು ಮೆಟ್ಟಿಲುಗಳಲ್ಲಿ ತಂತಿಯ ಅಗಲಕ್ಕೆ ಸರಿಯಾದ ಕಿರುಗಚ್ಚುಗಳು ಬೀಳುತ್ತವೆ. ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರವನ್ನು ಏರಿಸುವವನ ಗಿಟಾರಿನಲ್ಲಿ ಮೇಲಿನ ಮೆಟ್ಟಿಲುಗಳ ದುಂಡುತಲೆ ಉದ್ದಕ್ಕೂ ಚಪ್ಪಟೆಯಾಗುತ್ತದೆ. ತಲೆ ಚಪ್ಪಟೆಯಾದೊಡನೆ ತಂತಿ ಕಂಪಿಸುವ ನಿಖರ ಬಿಂದು ತಪ್ಪಿ ಶ್ರುತಿ ಕೆಡುತ್ತದೆ, ಒಂದು ಮೆಟ್ಟಿಲು ತಗ್ಗಿದಾಗ ತಂತಿ ಮುಂದಿನ ಮೆಟ್ಟಿಲಿಗೆ ಬಡಿದು ಜೀರೆನ್ನುತ್ತದೆ.

ಈ ಸಮಸ್ಯೆಯನ್ನು ಕರ್ನಾಟಕ ಸಂಗೀತದ ವೀಣೆ ಬಹಳ ಹಿಂದೆಯೇ ಎದುರಿಸಿದೆ, ಮತ್ತು ಅದು ಕಂಡುಕೊಂಡ ಪರಿಹಾರ ಗಿಟಾರಿನ ಲೋಕಕ್ಕೂ ತೋರಿಸತಕ್ಕಂಥದು. ಸರಸ್ವತಿ ವೀಣೆಯ 24 ಲೋಹದ ಮೆಟ್ಟಿಲುಗಳನ್ನು ಮರದೊಳಗೆ ಹೊಡೆಯುವುದಿಲ್ಲ. ದಂಡಿಯ ಮೇಲೆ ಕಟ್ಟಿದ ಮೇಣದ ಎರಡು ಏಣುಗಳಲ್ಲಿ ಕೂರಿಸಲಾಗುತ್ತದೆ. ಗಮಕಪ್ರಧಾನವಾದ ಈ ಸಂಗೀತದಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆಳೆದು ಮೂರು ನಾಲ್ಕು ಸ್ವರಗಳನ್ನು ಹೊರಡಿಸುವುದು ನಿತ್ಯದ ಕೆಲಸವಾದ್ದರಿಂದ, ಹೆಚ್ಚು ನುಡಿಸುವ ಸಾರಣಿ ತಂತಿಯ ಕೆಳಗೆ ಮೆಟ್ಟಿಲು ತೇದುಹೋಗುವುದು, ಬಿಸಿಲಿಗೆ ಮೇಣ ಜಗ್ಗುವುದು ತಪ್ಪಿದ್ದಲ್ಲ. ಆಗ ಕುಶಲಕರ್ಮಿ ಮೇಣವನ್ನು ತೆಗೆದು, ಮೆಟ್ಟಿಲುಗಳನ್ನು ಅರದಿಂದ ಸಮ ಮಾಡಿ ಅಥವಾ ಬದಲಿಸಿ, ಜೇನುಮೇಣಕ್ಕೆ ಕಪ್ಪುಪುಡಿ ಬೆರೆಸಿದ ಹೊಸ ಮೇಣದಲ್ಲಿ ಕಿವಿಯಿಂದಲೇ ಸ್ವರಸ್ಥಾನ ನೋಡಿ ಒಂದೊಂದಾಗಿ ಮತ್ತೆ ಕೂರಿಸುತ್ತಾನೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ವೀಣೆ ಶೇಷಣ್ಣ (1852–1926) ಅವರಿಂದ ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರವರೆಗಿನ ಮೈಸೂರು ಪರಂಪರೆಯ ವೀಣೆಗಳಿಗೂ ಈ ಮರುಕಟ್ಟುವಿಕೆ ಬೇಕಾಗಿತ್ತು. ಅದರಿಂದ ವೀಣೆಯ ಹಳತನಕ್ಕಾಗಲಿ ಗೌರವಕ್ಕಾಗಲಿ ಕುಂದು ಬಂತೆಂದು ಯಾವ ವೈಣಿಕರೂ ಭಾವಿಸಿದ್ದಿಲ್ಲ. ಸವೆಯಲೆಂದೇ ಇಟ್ಟ ಭಾಗ ಮೆಟ್ಟಿಲು ಮತ್ತು ಮೇಣ, ಉಳಿಯಲೆಂದು ಇಟ್ಟ ಭಾಗ ಕೊಡ ಮತ್ತು ದಂಡಿ ಎಂಬ ವಿಂಗಡಣೆ ವಾದ್ಯದ ರಚನೆಯಲ್ಲೇ ಇದೆ.

ದೇವಾಲಯಗಳ ಪದ್ಧತಿಯೂ ಇದೇ ತಿಳಿವಳಿಕೆಯದು. ಮೂರ್ತಿಯನ್ನು ಪೀಠಕ್ಕೆ ಬೆಸೆಯುವ ಅಷ್ಟಬಂಧ ಎಂಬ ಎಂಟು ದ್ರವ್ಯಗಳ ಲೇಪದಲ್ಲಿ ಅರಗು, ರಾಳ, ಜೇನುಮೇಣ, ಕಾವಿಕಲ್ಲು, ಬೆಣ್ಣೆ ಮೊದಲಾದವು ಸೇರುತ್ತವೆ. ಹನ್ನೆರಡು ವರ್ಷಗಳಿಗೊಮ್ಮೆ ಹಳೆಯ ಬಂಧವನ್ನು ತೆಗೆದು ಹೊಸದನ್ನು ತುಂಬುವುದು ವಾಡಿಕೆ. ಬಂಧ ಹೊಸದಾಗುತ್ತದೆ, ಅಭಿಷೇಕಗಳಿಂದ ನಯವಾದ ಮೂರ್ತಿಯ ಮುಖವನ್ನು ಯಾರೂ ಮತ್ತೆ ಕೆತ್ತುವುದಿಲ್ಲ. ಘಾಟಿಗೆ ಹರಕೆ ಹೊತ್ತು ಬಂದವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿರುವಲ್ಲಿ, ಹಾಲು, ಅರಿಶಿನ, ಕುಂಕುಮಗಳ ಸ್ಪರ್ಶದಿಂದ ಹೆಡೆಗಳ ಗೆರೆ ಮಾಸಿದ ಹಳೆಯ ಕಲ್ಲಿಗೂ ನಿನ್ನೆ ಬಂದ ಚೂಪುಗೆರೆಯ ಕಲ್ಲಿಗೂ ಪೂಜೆಯಲ್ಲಿ ಭೇದವಿಲ್ಲ. ದೇವಸ್ಥಾನದ ಓಲಗದವರ ವಾದ್ಯಗಳಲ್ಲಿಯೂ ಹೀಗೆಯೇ: ನಾಗಸ್ವರದ ತುದಿಯ ಸೀವಾಳಿ ಆಗಾಗ ಬದಲಾಗುತ್ತದೆ, ಡೋಲಿನ ಚರ್ಮ ಹರಿದಾಗ ಹೊಸ ಚರ್ಮ ಬರುತ್ತದೆ, ಕೊಳವೆ ಮತ್ತು ಡೋಲಿನ ಮರದ ಒಡಲು ತಂದೆಯಿಂದ ಮಗನಿಗೆ ಬರುತ್ತವೆ.

ವೀಣೆಯ ಮಾತಿಗೆ ಮರಳಿದರೆ, ಗಮಕ ಮತ್ತು ಗಿಟಾರಿನ ಸಂಬಂಧ ಊಹೆಯ ಮಾತಲ್ಲ. ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತು, ಎಲ್. ಶಂಕರ್, ಜಾಕಿರ್ ಹುಸೇನ್, ಟಿ.ಎಚ್. ವಿನಾಯಕರಾಮ್ ಅವರೊಡನೆ ಶಕ್ತಿ ತಂಡವನ್ನು ಕಟ್ಟಿದಾಗ ತನ್ನ ಗಿಟಾರಿನ ಬೆರಳುಹಲಗೆಯನ್ನು ಮೆಟ್ಟಿಲುಗಳ ನಡುವೆ ಕಮಾನಿನಂತೆ ತೋಡಿಸಿಕೊಂಡಿದ್ದು, ತಂತಿಯನ್ನು ವೀಣೆಯಂತೆ ಎಳೆಯಲು ಬೇಕಾದ ತೆರವಿಗಾಗಿ. ಹಲಗೆಯನ್ನು ಹೀಗೆ ತೋಡಿಸಿದಾಗ ಬೆರಳು ಮರವನ್ನು ಮುಟ್ಟುವುದೇ ಇಲ್ಲ. ಮರದ ಸವೆತ ನಿಂತು, ಇಡೀ ಭಾರ ಮೆಟ್ಟಿಲ ಮೇಲೆ ಬೀಳುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದ ಸುಕುಮಾರ್ ಪ್ರಸಾದ್, ಆರ್. ಪ್ರಸನ್ನ ಅವರಂಥವರ ಮಾರ್ಗ ಹಿಡಿದ ಯಾವ ವಾದಕನ ಗಿಟಾರಿನಲ್ಲೂ ಪಾಶ್ಚಾತ್ಯ ಸ್ವರಗುಚ್ಛಗಳ ವಾದಕನಲ್ಲಿ ಕಾಣದ ಸವೆತವಿರಲು ಕಾರಣವಿದೆ: ಗಾಂಧಾರ, ನಿಷಾದಗಳನ್ನು ತೂಗುವ ಮನೆಗಳಲ್ಲಿ ಮೆಟ್ಟಿಲು ಬೇಗ ಚಪ್ಪಟೆಯಾಗುತ್ತದೆ, ಹೆಚ್ಚು ಒತ್ತದ ಮನೆಗಳು ಹೊಸದರಂತೆ ಉಳಿಯುತ್ತವೆ. ಕೈಯ ಅಭ್ಯಾಸ, ರಾಗದ ಸ್ವಭಾವ ಎರಡೂ ಲೋಹದಲ್ಲಿ ಮೂಡುತ್ತವೆ ಎನ್ನುವುದು ಉತ್ಪ್ರೇಕ್ಷೆಯಲ್ಲ.

ಕಣ್ಣಿಗೆ ಕಾಣದ ಭಾಗಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್, ಅಯಸ್ಕಾಂತಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದ ಸುರುಳಿ. ಬೆವರು ಒಳಸೇರಿ ಆ ತಂತಿ ಒಂದು ಕಡೆ ಕೊರೆದು ತುಂಡಾದರೆ ಸದ್ದು ನಿಲ್ಲುತ್ತದೆ. ಧ್ವನಿಯನ್ನು ಏರಿಳಿಸುವ ಗುಂಡಿಯ ಕೆಳಗಿನ ಇಂಗಾಲದ ಪಟ್ಟಿ ಸವೆದಾಗ, ಅಥವಾ ದನಗಳ ಜಾತ್ರೆಯ ಬಯಲಿನಲ್ಲಿ ತಪ್ಪಿಸಲಾಗದ ಕೆಂಧೂಳು ಅದರೊಳಗೆ ಸೇರಿದಾಗ ಚರಪರ ಸದ್ದು ಬರುತ್ತದೆ. ಇವು ಬದಲಿಸತಕ್ಕ ಭಾಗಗಳು. ಬದಲಿಸಿದರೆ ವಾದ್ಯದ ಗುರುತಿಗೆ ನಷ್ಟವಿಲ್ಲ; ಮೂಲ ಪಿಕಪ್ಪನ್ನು ಮಾತ್ರ ಸಾಧ್ಯವಾದಷ್ಟು ಮರುಸುತ್ತಿ ಉಳಿಸಿಕೊಳ್ಳುವುದು ಮೇಲು, ಏಕೆಂದರೆ ಆ ವಾದ್ಯದ ನಾದದ ಬಣ್ಣ ಬಹುಪಾಲು ಅದರಲ್ಲಿದೆ.

ಕೃತಕ ಸವೆತದ ಮಾರುಕಟ್ಟೆ

ಸವೆತಕ್ಕೆ ಬೆಲೆ ಬಂದದ್ದು ಈಚೆಗೆ. ಐರ್ಲೆಂಡಿನ ರೋರಿ ಗ್ಯಾಲಹರ್ 1963ರಲ್ಲಿ ಕಾರ್ಕ್ ನಗರದ ಅಂಗಡಿಯೊಂದರಲ್ಲಿ 100 ಪೌಂಡಿಗೆ ಕೊಂಡ 1961ರ ಸ್ಟ್ರಾಟೊಕ್ಯಾಸ್ಟರ್ ಇದಕ್ಕೆ ಹೆಸರಾದ ಉದಾಹರಣೆ. ಒಮ್ಮೆ ಕಳವಾಗಿ, ಮಳೆಯಲ್ಲಿ ಹಳ್ಳದಲ್ಲಿ ಬಿದ್ದಿದ್ದು ಸಿಕ್ಕ ಆ ಗಿಟಾರಿನ ಬಣ್ಣ, 1995ರಲ್ಲಿ ಅವನು ತೀರಿಕೊಳ್ಳುವವರೆಗಿನ ಮೂರು ದಶಕಗಳ ಬೆವರಿಗೆ ಬಹುಪಾಲು ಹೋಗಿ ಬರಿಯ ಮರ ಉಳಿದಿತ್ತು. ಅವನು ಅದಕ್ಕೆ ಮರಳಿ ಬಣ್ಣ ಬಳಿಸಲಿಲ್ಲ. ಆದರೆ ಮೆಟ್ಟಿಲುಗಳನ್ನು ಬೇಕಾದಾಗ ಬದಲಿಸಿಕೊಂಡ. 2024ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 9 ಲಕ್ಷ ಪೌಂಡಿಗೆ ಸಮೀಪದ ಬೆಲೆಗೆ ಮಾರಾಟವಾಗಿ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನವಾಯಿತು.

ಇಂಥ ವಾದ್ಯಗಳ ಮೋಹವನ್ನು ಕಂಡ ಫೆಂಡರ್ ಕಂಪನಿ 1995ರಲ್ಲಿ ಕಾರ್ಖಾನೆಯಲ್ಲೇ ಸವೆಸಿದ ಹೊಸ ಗಿಟಾರುಗಳನ್ನು ಮಾರಲು ತೊಡಗಿತು. ಉಪ್ಪುಕಾಗದದಿಂದ ಅಂಚುಗಳನ್ನು ತಿಕ್ಕುವುದು, ಶೀತಲಗೊಳಿಸಿ ಬಿರುಕು ಹುಟ್ಟಿಸುವುದು, ಆಮ್ಲದ ಆವಿಯಲ್ಲಿ ತಿರುಪುಗಳಿಗೆ ತುಕ್ಕು ಹಿಡಿಸುವುದು ಈಗ ಪರಿಣತ ಕಸುಬು. ಅದರಲ್ಲಿ ಕೈಚಳಕವಿಲ್ಲವೆಂದು ಯಾರೂ ಹೇಳಲಾರರು. ಹಳೆಯ ಗಿಟಾರಿನ ಹಿತವಾದ ಅಂಚು, ಅಂಟದ ಕುತ್ತಿಗೆ ಕೆಲವರಿಗೆ ನಿಜವಾಗಿಯೂ ಬೇಕಾಗಿರುತ್ತದೆ. ಆದರೆ ಆ ಸವೆತ ಯಾವ ವಾದಕನನ್ನೂ ಸೂಚಿಸುವುದಿಲ್ಲ. ನಿಜವಾದ ವಾದ್ಯದಲ್ಲಿ ಮುಂಗೈಯ ಕಲೆ, ಪಿಕ್ಕಿನ ಗೆರೆ, ಮೆಟ್ಟಿಲಿನ ಕಚ್ಚು, ತಿರುಪಿನ ತುಕ್ಕು ಇವೆಲ್ಲ ಒಂದೇ ಕೈಗೆ ಒಪ್ಪುವಂತೆ ಪರಸ್ಪರ ಹೊಂದುತ್ತವೆ. ಕೃತಕವಾಗಿ ಸವೆಸಿದ ವಾದ್ಯದಲ್ಲಿ ಮೈಯೆಲ್ಲ ಸವೆದಿದ್ದು ಮೆಟ್ಟಿಲುಗಳು ಮಾತ್ರ ಹೊಸದಾಗಿರುತ್ತವೆ. ಸಾವಿರಾರು ಗಂಟೆ ನುಡಿಸಿದ ಗಿಟಾರಿಗೂ ಅಷ್ಟು ಗಂಟೆ ತಿಕ್ಕಿಸಿಕೊಂಡ ಗಿಟಾರಿಗೂ ಇರುವ ಅಂತರ ಪರೀಕ್ಷಕರಿಗೆ ಗೊತ್ತಾಗುವುದು ಹೀಗೆ.

ಕರ್ನಾಟಕದಲ್ಲಿ ಇಂದು ಆಗಬೇಕಾದ ಕೆಲಸ ಇದಕ್ಕಿಂತ ಸರಳ. 1970 ಮತ್ತು 80ರ ದಶಕಗಳ ವಾದ್ಯಗೋಷ್ಠಿಗಳಲ್ಲಿ ನುಡಿದ ಗಿಟಾರುಗಳು ಈಗ ಮನೆಗಳ ಅಟ್ಟದ ಮೇಲೆ, ಧ್ವನಿವರ್ಧಕ ಬಾಡಿಗೆಯ ಅಂಗಡಿಗಳ ಮೂಲೆಯಲ್ಲಿ ಇವೆ. ಕೀಬೋರ್ಡು ಗಿಟಾರಿನ ನಾದವನ್ನೂ ತಾನೇ ಒದಗಿಸತೊಡಗಿದ ಮೇಲೆ ಅವುಗಳಲ್ಲಿ ಎಷ್ಟೋ ಮೌನವಾದವು. ಮಾರುವ ಮುನ್ನ ಅವುಗಳನ್ನು ಹೊಳಪು ಮಾಡಿಸುವ, ಹೊಸ ಬಣ್ಣ ಬಳಿಸುವ ರೂಢಿ ಆ ವಾದ್ಯಗಳ ಏಕೈಕ ದಾಖಲೆಯನ್ನು ಒರೆಸಿಹಾಕುತ್ತದೆ, ಏಕೆಂದರೆ ಆ ವಾದಕರ ಹೆಸರುಗಳು ಧ್ವನಿಮುದ್ರಿಕೆಗಳ ಮೇಲೆ ಅಚ್ಚಾಗಿಲ್ಲ, ಅವರ ಜಾತ್ರೆಯ ಕಛೇರಿಗಳನ್ನು ಯಾರೂ ಮುದ್ರಿಸಿಕೊಂಡಿಲ್ಲ. 2019ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ವಸ್ತುಸಂಗ್ರಹಾಲಯದಂಥ ಕಡೆ ಶಾಸ್ತ್ರೀಯ, ಜಾನಪದ ವಾದ್ಯಗಳ ಪಕ್ಕದಲ್ಲಿ ರಸಮಂಜರಿಯ ಗಿಟಾರಿಗೂ ಜಾಗ ಸಲ್ಲಬೇಕು, ಅದೂ ಒರೆಸಿ ಮಿಂಚಿಸಿದ ಸ್ಥಿತಿಯಲ್ಲಿ ಅಲ್ಲ. ಸಂಗ್ರಹಕ್ಕೆ ಬರುವ ಪ್ರತಿಯೊಂದು ವಾದ್ಯದ ಜೊತೆ ಅದನ್ನು ನುಡಿಸಿದವರು ಯಾರು, ಯಾವ ತಂಡದಲ್ಲಿ, ಯಾವ ವರ್ಷಗಳಲ್ಲಿ, ಯಾವ ಊರುಗಳ ಜಾತ್ರೆಗಳಲ್ಲಿ ಎಂಬುದನ್ನು ಬದುಕಿರುವವರಿಂದ ಕೇಳಿ ಬರೆದಿಡಬೇಕು; ಮೈಯ ಎರಡೂ ಬದಿಯ, ಕುತ್ತಿಗೆಯ ಹಿಂಬದಿಯ, ಮೆಟ್ಟಿಲುಗಳ ಛಾಯಾಚಿತ್ರಗಳನ್ನು ದುರಸ್ತಿಗೆ ಮೊದಲೇ ತೆಗೆಯಬೇಕು; ಮೆಟ್ಟಿಲುಗಳನ್ನು ಬದಲಿಸಬೇಕಾಗಿ ಬಂದಲ್ಲಿ ಕಿತ್ತ ಹಳೆಯವನ್ನು ಕ್ರಮಸಂಖ್ಯೆ ಹಾಕಿ ವಾದ್ಯದ ಪೆಟ್ಟಿಗೆಯಲ್ಲೇ ಇಡಬೇಕು, ಆ ವಾದಕ ಯಾವ ಸ್ವರಗಳ ಮೇಲೆ ನಿಂತನೆಂದು ತಿಳಿಯಬಯಸುವ ಮುಂದಿನ ಸಂಶೋಧಕರಿಗೆ ಬೇಕಾಗುವುದು ಅವೇ.